ಗೆಜ್ಜೆ ಕ್ಯಾಸೆಟ್ಸ್‌ನ ಎರಡನೇ ಬಿಡುಗಡೆ

ಸಾಗರ
೮ ಜುಲೈ ೧೯೮೭

ತೀರ್ಥಹಳ್ಳಿಯ ಶ್ರೀ ಹೂವಯ್ಯನವರಿಗೆ ವಾಸಪ್ಪ ಮಾಡುವ ನಮಸ್ಕಾರಗಳು.

ಕವರಿನ ಮೇಲಿನ ಅಕ್ಷರ ನೋಡಿಯೇ ಇದು ಯಾರ ಕಾಗದವೆಂದು ನಿಮಗೆ ಗೊತ್ತಾಗಿರುತ್ತದೆ. ಒಲೆಗೆ ಹಾಕುವ ಮೊದಲು ಒಂದು ಮಾತು. ಎಂಟು ವರ್ಷದ ಹಿಂದೆ ಹೊಸನಗರದ ಬಸ್‌ಸ್ಟ್ಯಾಂಡಿನಲ್ಲಿ ಎಲ್ಲರೆದುರು ನೀವು ಹೇಳಿದ್ದು, "ಇನ್ನು ಈ ವಾಸನ ಹತ್ರ ಮಾತಾಡಿದ್ರೆ ನಾನು ನನ್ನಪ್ಪನ ಮಗನೇ ಅಲ್ಲ" ಎಂದು. ನಾನೂ ಸುಮ್ಮನಿರದೆ ಅದನ್ನೇ ತಿರುಗಿಸಿ ಹೇಳಿದೆ. ಇಬ್ಬರೂ ಹೇಳಿದ್ದು ಮಾತಾಡುವ ವಿಷಯ. ಬರೆಯುವ ವಿಷಯವನ್ನು ಯಾರೂ ಎತ್ತಲಿಲ್ಲ. ಆದ್ದರಿಂದ ಬರೆಯುತ್ತಿದ್ದೇನೆ. ಇದರಿಂದ ನಿಮ್ಮ ತಂದೆಯವರ ಹೆಸರಿಗೂ ನನ್ನ ತಂದೆಯವರ ಹೆಸರಿಗೂ ಬಾಧಕವೇನಿಲ್ಲ.

ನಾನು ಇಲ್ಲೊಂದು ಕ್ಯಾಸೆಟ್ ಕಂಪನಿ ಮಾಡಿದ್ದೇನೆ. ಕಂಪನಿ ಎಂದೆನೆಂದು ನಗಬೇಡಿ. ಬಟ್ಟೆ ಅಂಗಡಿಯ ಮಹಡಿ ಮೇಲೊಂದು ಕೋಣೆ, ಎರಡು ಟೇಪ್ ಡೆಕ್, ಒಂದು ಮೈಕು, ನಾನು, ಮತ್ತು ಬೇಡ ಬೇಡ ಎನ್ನುತ್ತಲೇ ಲೇಬಲ್ ಅಂಟಿಸಿಕೊಡುವ ನನ್ನ ಹೆಂಡತಿ ವರದಮ್ಮ. ಹೆಸರು ಗೆಜ್ಜೆ ಕ್ಯಾಸೆಟ್ಸ್. ಸಿನಿಮಾ ಹಾಡಿಗೆ ದೊಡ್ಡ ದೊಡ್ಡ ಕಂಪನಿಗಳಿವೆ, ಭಜನೆಗೆ ಅದಕ್ಕಿಂತ ದೊಡ್ಡವಿವೆ. ನಾನು ಹೊರಟಿರುವುದು ಕುಣಿತದ ಕ್ಯಾಸೆಟ್ ಮಾಡಲು. ಕೇಳಿದವರು ಎದ್ದು ಕುಣಿಯಬೇಕು, ಅಷ್ಟೇ.

ಈ ಹುಚ್ಚು ಹಿಡಿಸಿದ್ದು ಒಂದು ರೆಕಾರ್ಡು. ಹೊನ್ನಾವರದವನೊಬ್ಬ ಹಡಗಿನಲ್ಲಿ ಕೆಲಸ ಮಾಡುತ್ತಾನೆ. ರಜೆಯಲ್ಲಿ ಬಂದವನು ಕ್ಯಾಸೆಟ್ಟಿಗೆ ಇಳಿಸಿಕೊಡಿ ಎಂದು ಅದನ್ನು ನನ್ನ ಹತ್ತಿರ ಬಿಟ್ಟುಹೋಗಿದ್ದ. ಅಮೆರಿಕದ ಶಿಕಾಗೊ ಎಂಬ ಊರಿನದು. ಹಾಡು ಎಂಬುದು ಇಲ್ಲವೇ ಇಲ್ಲ. ಒಂದೇ ದಪ್ಪ ಬಡಿತ, ಬಿಡದೆ ಬರುತ್ತದೆ, ಎದೆಗೂಡಿನ ಕೆಳಗೆ ಹೋಗಿ ಕೂತುಕೊಳ್ಳುತ್ತದೆ. ಅದರ ಮೇಲೆ ಯಾರೋ ಹಾರ್ಮೋನಿಯಮ್ಮಿನ ಮೇಲೆ ಕೈಯಿಟ್ಟು ಮರೆತುಬಿಟ್ಟ ಹಾಗೆ ಒಂದು ಸ್ವರ. ಆ ಬಗೆಯ ಸಂಗೀತಕ್ಕೆ ಅಲ್ಲಿ ಹೌಸ್ ಎನ್ನುತ್ತಾರಂತೆ, ಯಾಕೋ ತಿಳಿಯದು. ಕವರಿನ ಮೇಲೆ ಚಿತ್ರವಿಲ್ಲ, ಬರೀ ಒಂದು ರಬ್ಬರ್ ಸ್ಟ್ಯಾಂಪು. ನನ್ನಂಥದೇ ಸಣ್ಣ ಕಂಪನಿ. ಅಲ್ಲಿಯ ಹುಡುಗರು ತಮ್ಮೂರಿನ ಕುಣಿತಕ್ಕೆ ತಾವೇ ರೆಕಾರ್ಡು ಮಾಡಿ, ತಾವೇ ಹೊತ್ತುಕೊಂಡು ಹೋಗಿ ಅಂಗಡಿಗೆ ಹಾಕುತ್ತಾರೆ, ತಿಂಗಳು ತಿಂಗಳಿಗೂ ಹೊಸದು ಬಿಡುಗಡೆ ಮಾಡುತ್ತಾರೆ ಎಂದು ಹೊನ್ನಾವರದವನು ಹೇಳಿದ. ಅವರೂರಿನದನ್ನು ಅವರು ಮಾಡಬಹುದಾದರೆ ನಮ್ಮೂರಿನದನ್ನು ನಾವು ಯಾಕೆ ಮಾಡಬಾರದು?

ನನಗೆ ತಕ್ಷಣ ಹೊಳೆದದ್ದು ಡೊಳ್ಳು. ತುಮರಿ ಕಡೆಯ ಜಟ್ಟಿಂಗಪ್ಪನ ಮೇಳದವರನ್ನು ಕರೆಸಿ ರೆಕಾರ್ಡ್ ಮಾಡಿದ್ದೇನೆ. ಮೊದಲ ಬಿಡುಗಡೆ ಇದರ ಜೊತೆಗಿದೆ. ನಿಮ್ಮ ರೇಡಿಯೋ ಅಂಗಡಿಯಲ್ಲಿ ಮಾರಾಟಕ್ಕಿಡಿ. ಅದಕ್ಕೂ ಮೊದಲು ನಿಮ್ಮ ಕಿವಿಗೆ ಬೀಳಲಿ. ಮುಚ್ಚುಮರೆ ಯಾಕೆ, ಬರೆದ ಉದ್ದೇಶ ಅದೇ. ದೀಪಾವಳಿಯೊಳಗೆ ಜನರನ್ನು ಕುಣಿಸುವ ಒಂದು ಕ್ಯಾಸೆಟ್ಟನ್ನಾದರೂ ಮಾಡಲಾಗದಿದ್ದರೆ ಕಂಪನಿಗೆ ಬೀಗ ಹಾಕಿ, ಹೊಸನಗರದಲ್ಲಿ ಭಾವ ಮುಕುಂದಯ್ಯನ ಕಬ್ಬಿಣದ ಅಂಗಡಿಗೆ ಸೇರಿ ಮೊಳೆ ತೂಗುತ್ತೇನೆಂದು ವರದಮ್ಮನಿಗೆ ಮಾತು ಕೊಟ್ಟಿದ್ದೇನೆ. ಮೊಳೆ ತೂಗುವುದು ಕೆಟ್ಟ ಕೆಲಸವೆಂದಲ್ಲ. ನನಗೆ ಬೇಡ.

ಇತಿ,
ವಾಸಪ್ಪ


ತೀರ್ಥಹಳ್ಳಿ
೩೦ ಜುಲೈ ೧೯೮೭

ಗೆಜ್ಜೆ ಕ್ಯಾಸೆಟ್ಸ್ ಮಾಲೀಕರಾದ ಶ್ರೀ ವಾಸಪ್ಪನವರಿಗೆ,

ನಿಮ್ಮ ಕಾಗದ, ಪಾರ್ಸೆಲ್ಲು ಎರಡೂ ತಲುಪಿದವು. ಮಾತು ಬಿಟ್ಟವನಿಗೆ ಬರೆಯಬಹುದೋ ಬಾರದೋ ಎಂದು ಬಹಳ ಯೋಚಿಸಿದೆ. ನನ್ನ ಹೆಂಡತಿ ದುಗ್ಗಮ್ಮ, "ಕೋರ್ಟಲ್ಲೂ ಬಾಯ್ಮಾತು ಬೇರೆ, ಬರ್ದಿದ್ದು ಬೇರೆ ಅಲ್ವಾ? ಬರೀರಿ" ಎಂದಳು. ಅವಳ ಮಾತಿಗೆ ಬೆಲೆ ಕೊಟ್ಟು ಬರೆಯುತ್ತಿದ್ದೇನೆಯೇ ಹೊರತು ನನಗೇನೂ ಕೈ ತುರಿಸುತ್ತಿರಲಿಲ್ಲ.

ನೀವು ಬಸ್‌ಸ್ಟ್ಯಾಂಡಿನ ಕಥೆಯನ್ನು ಬರೆದಿರಿ, ಅದಕ್ಕೆ ಮೊದಲಿನದನ್ನು ಜಾಣತನದಿಂದ ಬಿಟ್ಟಿರಿ. ನಮ್ಮಿಬ್ಬರದೂ ಸೇರಿ ಒಂದು ಮೈಕ್ ಸೆಟ್ ಇತ್ತು. ಹೊಸನಗರದ ಆ ಮದುವೆಯಲ್ಲಿ ಚಪ್ಪರದ ಕಂಬಕ್ಕೆ ಕಟ್ಟಿದ್ದ ಸ್ಪೀಕರಿನ ಹಾರನ್ನು ಕಳಚಿಕೊಂಡು ಹೆಸರುಬೇಳೆ ಪಾಯಸದ ಕೊಪ್ಪರಿಗೆಗೆ ಬಿತ್ತು. ಬೀಗರ ಪಂಚೆಗೆಲ್ಲ ಪಾಯಸ. ಗಂಟು ಹಾಕಿದ್ದು ನಾನೆಂದು ನೀವು ಹೇಳಿದಿರಿ. ಹಾಕಿದ್ದು ನೀವು. ಆಮೇಲೆ ನಿಮ್ಮ ಭಾವ ಮುಕುಂದಯ್ಯ ಪಂಚಾಯ್ತಿಗೆ ಕೂತು, ಅಣ್ಣತಮ್ಮಂದಿರ ಹಿಸ್ಸೆಯ ಹಾಗೆ ಪಾಲು ಮಾಡಿ, ಆಂಪ್ಲಿಫೈಯರನ್ನು ನಿಮಗೂ ಹಾರನ್ನುಗಳನ್ನು ನನಗೂ ಕೊಟ್ಟರು. ಆ ವರ್ಷದ ಮದುವೆ ಕಾಲವೆಲ್ಲ ನೀವು ಬಾಯಿಲ್ಲದ ಮೈಕ್ ಸೆಟ್ಟನ್ನೂ ನಾನು ಗಂಟಲಿಲ್ಲದ ಮೈಕ್ ಸೆಟ್ಟನ್ನೂ ಇಟ್ಟುಕೊಂಡು ಕೂತೆವು. ಇದನ್ನೂ ಬರೆಯಬೇಕಿತ್ತು.

ಈಗ ಕ್ಯಾಸೆಟ್ಟಿನ ವಿಷಯ. ಸಂತೆಯ ದಿನ ಅಂಗಡಿಯ ಮುಂದೆ ದೊಡ್ಡದಾಗಿ ಹಾಕಿದೆ. ಯಾರ ಕಾಲೂ ಅಲುಗಲಿಲ್ಲ. ನಮ್ಮ ಪಕ್ಕದ ಸೈಕಲ್ ಶಾಪಿನ ಮಾರಪ್ಪ ಬಸ್ಸಿನ ಹಾರನ್ನಿಗೂ ಹೆಜ್ಜೆ ಹಾಕುವ ಆಸಾಮಿ. ಅವನು ಬಂದು ತಲೆ ಓರೆ ಮಾಡಿ ಕೇಳಿಸಿಕೊಂಡು, "ಯಾರ್ ಮನೇಲಿ ಹೆಂಚು ಇಳಿಸ್ತಿದಾರೆ ಹೂವಯ್ಯ?" ಎಂದ.

ನೀವು ಮೇಳದವರಿಗೆ ಕೂತು ಬಾರಿಸಲು ಹೇಳಿದ್ದೀರಿ. ಹೌದೋ ಅಲ್ಲವೋ? ಗೋಡೆಗೆ ಹಾಸಿಗೆಯನ್ನೋ ಕಂಬಳಿಯನ್ನೋ ಇಳಿಬಿಟ್ಟಿದ್ದೀರಿ. ಡೊಳ್ಳನ್ನು ಬೆಂಕಿಗೆ ಹಿಡಿದು ಕಾಯಿಸಿಲ್ಲ. ಆರಿದ್ರೆ ಮಳೆಯ ಥಂಡಿಗೆ ಚರ್ಮ ನೆನೆದ ಹಪ್ಪಳವಾಗಿ, ಹೊಡೆದರೆ ಹೊಟ್ಟೆ ಬಡಿದುಕೊಂಡ ಹಾಗೆ ಕೇಳಿಸುತ್ತದೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇವರು ಕುಣಿಯಬಲ್ಲವರು, ನೀವು ನೆಲವನ್ನೇ ತೆಗೆದುಬಿಟ್ಟಿದ್ದೀರಿ.

ಎರಡನೇ ಬದಿಯ ಕೊನೆಯಲ್ಲಿ ಯಾರೋ ಒಬ್ಬ ತಡೆಯಲಾರದೆ ಎದ್ದು ನಾಲ್ಕು ಹೆಜ್ಜೆ ಹಾಕಿದ್ದಾನೆ. ಆಮೇಲೆ ಯಾರೋ ಅವನನ್ನು ಕೂರಿಸಿದ್ದಾರೆ. ಆ ನಾಲ್ಕು ಹೆಜ್ಜೆ ಚೆನ್ನಾಗಿದೆ. ಅದಕ್ಕಾಗಿ ಒಂದು ಕ್ಯಾಸೆಟ್ ಇಟ್ಟುಕೊಂಡು ಉಳಿದವನ್ನು ವಾಪಸು ಕಳಿಸುತ್ತಿದ್ದೇನೆ.

ಇತಿ,
ಹೂವಯ್ಯ


ಸಾಗರ
೬ ಆಗಸ್ಟ್ ೧೯೮೭

ಹೂವಯ್ಯನವರೇ,

ನಿಮ್ಮ ಕಾಗದ ಓದಿ ಮೊದಲ ದಿನ ಊಟ ಸೇರಲಿಲ್ಲ. ಎರಡನೆಯ ದಿನ ನಿಮ್ಮನ್ನು ಬಯ್ದು ನಾಲ್ಕು ಪುಟ ಬರೆದೆ. ವರದಮ್ಮ ಅದನ್ನೋದಿ, "ಇಷ್ಟೆಲ್ಲ ಬೈದಿದೀರಲ್ಲ, ಅವ್ರು ಹೇಳಿದ್ದು ಸುಳ್ಳು ಅಂತ ಎಲ್ಲೂ ಬರ್ದಿಲ್ವಲ್ಲ?" ಎಂದಳು. ಹರಿದು ಹಾಕಿದೆ.

ಕೂರಿಸಿದ್ದು ನಿಜ. ಕಂಬಳಿ ಹೊದಿಸಿದ್ದೂ ನಿಜ. ರೇಡಿಯೋದವರು ರೆಕಾರ್ಡ್ ಮಾಡುವಾಗ ಕೆಮ್ಮಿದರೂ ಬಯ್ಯುತ್ತಾರೆ. ಕಾಲ ಸದ್ದು, ಗೆಜ್ಜೆ ಸದ್ದು ಬಂದರೆ ಕೆಡುತ್ತದೆ ಎಂದು ನಾನು ತಿಳಿದೆ. ಕಂಪನಿಗೆ ಗೆಜ್ಜೆ ಎಂದು ಹೆಸರಿಟ್ಟು ಎಲ್ಲರ ಗೆಜ್ಜೆಯನ್ನೂ ಬಿಚ್ಚಿಸಿಟ್ಟ ಮಹಾಪುರುಷ ನಾನು. ನಡುವೆ ಎದ್ದವನು ಜಟ್ಟಿಂಗಪ್ಪನೇ. ಹೆಗಲ ಮೇಲೆ ಕೈಯಿಟ್ಟು ಕೂರಿಸಿದವನು ನಾನೇ. ಅವನು ಹೋಗುವಾಗ, "ಕುಣೀದೆ ಬಾರ್ಸು ಅನ್ನೋದು, ಬಾಯ್ ಮುಚ್ಕಂಡು ಉಣ್ಣು ಅಂದಂಗೆ ಕಣ್ರಾ" ಎಂದು ಹೇಳಿಹೋಗಿದ್ದ. ಆಗ ನನಗೆ ಅರ್ಥವಾಗಲಿಲ್ಲ.

ಮೊನ್ನೆ ಅವರನ್ನು ಪುನಃ ಕರೆಸಿ, ಡೊಳ್ಳು ಕಾಯಿಸಿ, ಅದೇ ಕೋಣೆಯಲ್ಲಿ ಕುಣಿಸಿದೆ. ಸ್ವಲ್ಪ ಹೊತ್ತಿಗೆಲ್ಲ ಕೆಳಗಿನ ಬಟ್ಟೆ ಅಂಗಡಿಯವರು ತಲೆತುಂಬ ಸುಣ್ಣದ ಪುಡಿ ಹೊತ್ತುಕೊಂಡು ಮೇಲೆ ಬಂದರು. ಮಾಳಿಗೆಯ ಗಾರೆ ಉದುರಿ ಮದುವೆಯ ಸೀರೆಗಳ ಮೇಲೆ ಬಿದ್ದಿತ್ತಂತೆ. ಕ್ಷಮೆ ಕೇಳಿ, ಕಾಫಿ ಕುಡಿಸಿ ಕಳಿಸಿದೆ. ಬಯಲಲ್ಲಿ ಮಾಡೋಣವೆಂದರೆ ಹೆಜ್ಜೆಯ ಸದ್ದು ಮಣ್ಣಿಗೆ ಇಳಿದುಹೋಗುತ್ತದೆ, ಮೈಕಿಗೆ ಸಿಕ್ಕುವುದಿಲ್ಲ.

ದೀಪಾವಳಿ ಹತ್ತಿರ ಬರುತ್ತಿದೆ. ಮುಕುಂದ ಭಾವ ಅಂಗಡಿಯಲ್ಲಿ ನನಗೆಂದು ಕುರ್ಚಿ ಮಾಡಿಸಿದ್ದಾರಂತೆ. ನೀವು ಒಂದು ಸಲ ಬಂದರೆ ಆಗುತ್ತದೆ ಹೂವಯ್ಯ. ನನ್ನ ಹತ್ತಿರ ಇರುವುದು ಮೆಷಿನ್ನು, ಕಿವಿ ಇರುವುದು ನಿಮಗೆ.

ವಾಸಪ್ಪ


ತೀರ್ಥಹಳ್ಳಿ
೩೧ ಆಗಸ್ಟ್ ೧೯೮೭

ವಾಸಪ್ಪನವರೇ,

ಗಣಪತಿ ಹಬ್ಬದ ಗಲಾಟೆಯಲ್ಲಿ ಉತ್ತರ ತಡವಾಯಿತು. ತಡವಾದದ್ದಕ್ಕೆ ಬೇರೆ ಕಾರಣವಿದೆಯೆಂದು ನೀವು ತಿಳಿಯಬಾರದು.

ಹಬ್ಬಕ್ಕೆ ಮೊದಲು ದುಗ್ಗಮ್ಮನ ನೆಂಟರ ಮನೆಗೆಂದು ತುಮರಿಗೆ ಹೋಗಿದ್ದೆವು. ಹೊಳೆಬಾಗಿಲಿನ ದಡದಲ್ಲಿ ಹಿನ್ನೀರು ದಾಟಿಸುವ ಲಾಂಚಿಗೆ ಕಾಯುತ್ತಿದ್ದಾಗ ಪಕ್ಕದಲ್ಲೇ ಒಂದು ಹಳೇ ಲಾಂಚನ್ನು ಕಟ್ಟಿ ನಿಲ್ಲಿಸಿದ್ದು ನೋಡಿದೆ. ಸಣ್ಣದು, ಮರದ ಹಲಗೆಯದು, ಎಂಜಿನ್ ಬಿಚ್ಚಿ ರಿಪೇರಿಗೆ ಕಳಿಸಿದ್ದಾರೆ. ಯಾರದೋ ಆಡೊಂದು ಹಗ್ಗ ತಪ್ಪಿಸಿಕೊಂಡು ಅದರ ಮೇಲೆ ಜಿಗಿಯಿತು. ವಾಸಪ್ಪನವರೇ, ಆ ಸದ್ದು! ಹಲಗೆಯ ಕೆಳಗಿನ ಟೊಳ್ಳಿಗೆ ಇಳಿದು, ನೀರನ್ನು ಮುಟ್ಟಿ, ವಾಪಸು ನನ್ನ ಕಾಲಿಗೆ ಬಂತು. ಒಂದು ಬಡಕಲು ಆಡಿನ ನಾಲ್ಕು ಗೊರಸಿಗೇ ಹೀಗಾದರೆ ಹನ್ನೆರಡು ಜನ ಗೆಜ್ಜೆ ಕಟ್ಟಿ ಕುಣಿದರೆ ಹೇಗಿರುತ್ತದೆ ಎಂದು ಅಲ್ಲೇ ನಿಂತುಬಿಟ್ಟೆ. ನಮ್ಮ ಲಾಂಚು ಹೊರಟುಹೋಯಿತು. ದುಗ್ಗಮ್ಮ ಅದರಲ್ಲಿದ್ದಳು. ಅದರ ವಿಚಾರಣೆ ಇನ್ನೂ ನಡೆಯುತ್ತಿದೆ.

ಲಾಂಚಿನ ಡ್ರೈವರ್ ಪುಟ್ಟಪ್ಪನ ಹತ್ತಿರ ಮಾತಾಡಿದ್ದೇನೆ. ದಡದಲ್ಲೇ ಕಟ್ಟಿ ನಿಂತಿರುವುದಾದರೆ ಅವನ ಅಡ್ಡಿಯಿಲ್ಲ. ಅಲ್ಲಿ ಕರೆಂಟಿಲ್ಲ, ಜೀಪಿನ ಬ್ಯಾಟರಿ ತನ್ನಿ. ಬೆಂಕಿಗೆ ಒಣ ಹುಲ್ಲು ತನ್ನಿ. ಮಳೆ ಬಿಟ್ಟ ದಿನವೇ ಆಗಬೇಕು.

ನಾನು ಬರುತ್ತೇನೆ, ಆದರೆ ಷರತ್ತಿದೆ. ಬಾಯಿ ಬಿಡುವುದಿಲ್ಲ. ಹೇಳಬೇಕಾದದ್ದನ್ನು ಜಟ್ಟಿಂಗಪ್ಪನಿಗೆ ಹೇಳುತ್ತೇನೆ, ಅವನು ನಿಮಗೆ ಹೇಳಲಿ. ಊರೆಲ್ಲ ಕೇಳುವಂತೆ ಅಪ್ಪನ ಹೆಸರೆತ್ತಿ ಆಡಿದ ಮಾತು. ಹುಳಿ ಮಜ್ಜಿಗೆಯಂತೆ ಚೆಲ್ಲಿಬಿಡಲು ಆಗುವುದಿಲ್ಲ.

ಹೂವಯ್ಯ


ಸಾಗರ
೨೨ ಸೆಪ್ಟೆಂಬರ್ ೧೯೮೭

ಹೂವಾ,

ಈ ಸಲ ನವರು ಗಿವರು ಬರೆಯುವುದಿಲ್ಲ. ಯಾಕೆಂದು ನಿನಗೇ ಗೊತ್ತು.

ಹೊಳೆಬಾಗಿಲಿನಿಂದ ನೀನು ಯಾರಿಗೂ ಹೇಳದೆ ಬಸ್ಸು ಹತ್ತಿ ಹೋದೆ. ಆಮೇಲೆ ಟೇಪನ್ನು ನಾನು ಎಷ್ಟು ಸಲ ಕೇಳಿದ್ದೇನೋ. ಆ ದಿನ ನಡೆದದ್ದನ್ನು ಬರೆದಿಡುತ್ತೇನೆ. ನಾಳೆ ನೀನು ಹಾಗಲ್ಲ ಹೀಗೆ ಎನ್ನಬಾರದು.

ಎಳೆ ಬಿಸಿಲು ಬಿದ್ದಿತ್ತು. ದಡದಲ್ಲಿ ಜಟ್ಟಿಂಗಪ್ಪನ ಹೆಂಡತಿ ಬೆಳ್ಳಮ್ಮ ಹುಲ್ಲಿನ ಬೆಂಕಿ ಮಾಡಿ, ಡೊಳ್ಳುಗಳನ್ನು ಒಂದೊಂದಾಗಿ ಮಗುವಿನ ಬೆನ್ನು ಕಾಯಿಸಿದ ಹಾಗೆ ಕಾಯಿಸಿಕೊಡುತ್ತಿದ್ದಳು. ನಾನು ಮೈಕನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ಕುಣಿಯುವವರ ಮುಂದೆ ಇಟ್ಟೆ. ನೀನು ಬಂದು ಏನೂ ಹೇಳದೆ ಅದನ್ನು ಕಿತ್ತು, ಹಲಗೆಯ ಮುಚ್ಚಳ ತೆಗೆದು, ಹಗ್ಗ ಕಟ್ಟಿ ಲಾಂಚಿನ ಹೊಟ್ಟೆಯೊಳಗೆ ಇಳಿಬಿಟ್ಟೆ. ನಾನು ಕೈಯಳತೆಯಲ್ಲಿ ನಿಂತಿದ್ದೇನೆ, ನೀನು ಜಟ್ಟಿಂಗಪ್ಪನ ಕಡೆ ತಿರುಗಿ, "ಆ ಮನುಷ್ಯಂಗೆ ಹೇಳು, ಮೈಕು ಕೆಳಗೇ ಇರ್ಲಿ" ಎಂದೆ. ನಾನು, "ಈ ಮನುಷ್ಯಂಗೆ ಹೇಳು, ಮೇಲಿನ ಗೆಜ್ಜೆ ಕೇಳ್ಬೇಕಲ್ಲ" ಎಂದೆ. ಅವನು ಅತ್ತ ಇತ್ತ ಕತ್ತು ತಿರುಗಿಸಿ ತಿರುಗಿಸಿ ಸಾಕಾಗಿ, "ನಾನೆಂಥ ಪೋಸ್ಟ್‌ಮ್ಯಾನಾ? ಇಬ್ರಿಗೂ ಕಿವಿ ಅದಾವಲ್ಲ!" ಎಂದು ಡೊಳ್ಳು ಹೆಗಲಿಗೆ ಹಾಕಿಕೊಂಡ.

ಆಮೇಲೆ ಶುರುವಾಯಿತು. ಮೊದಲು ನಿಧಾನ. ಕೋಲಿನ ಪೆಟ್ಟು ಮೇಲೆ, ಹೆಜ್ಜೆಯ ಪೆಟ್ಟು ಕೆಳಗೆ. ನಾನು ಲಾಂಚಿನ ಮೂಲೆಯಲ್ಲೇ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೂತಿದ್ದೆ. ಶಿಕಾಗೊದ ರೆಕಾರ್ಡಿನಲ್ಲಿ ಕೇಳಿದ್ದ ಆ ದಪ್ಪ ಬಡಿತ ಶರಾವತಿಯ ಹಿನ್ನೀರಿನಿಂದ ಎದ್ದು ಬರುತ್ತಿತ್ತು. ಹನ್ನೆರಡು ಜನರ ಭಾರಕ್ಕೆ ಲಾಂಚು ತೂಗತೊಡಗಿತು. ತೂಗಿದಾಗಲೆಲ್ಲ ಪಕ್ಕಕ್ಕೆ ನೀರು ಬಡಿಯುತ್ತಿತ್ತು. ಅದೂ ತಾಳಕ್ಕೇ. ನೀರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನನಗೆ ಕಣ್ಣಲ್ಲಿ ನೀರು ಬಂತು, ಹೇಳಲು ನಾಚಿಕೆಯಿಲ್ಲ.

ಆಗಲೇ ಹಗ್ಗ ಬಿಚ್ಚಿದ್ದು. (ಆ ಗಂಟು ಹಾಕಿದ್ದು ಪುಟ್ಟಪ್ಪ. ನಾವಿಬ್ಬರೂ ಅಲ್ಲ. ದಾಖಲಾಗಿರಲಿ.) ಲಾಂಚಿನ ಹಿಂಬದಿ ದಡ ಬಿಟ್ಟು ನೀರಿಗೆ ತಿರುಗಿತು. ಪುಟ್ಟಪ್ಪ ದಡದಲ್ಲಿ ತಲೆ ಚಚ್ಚಿಕೊಳ್ಳುತ್ತಿದ್ದ. ಬೆಳ್ಳಮ್ಮ ಕೂಗುತ್ತಿದ್ದಳು. ಕುಣಿಯುವವರಿಗೆ ಯಾವುದರ ಪರಿವೆಯೂ ಇಲ್ಲ. ನಾನು ಗಾಬರಿಯಾಗಿ ಟೇಪ್ ನಿಲ್ಲಿಸಲು ಬಟನ್ನಿಗೆ ಕೈ ಹಾಕಿದೆ. ಆಗ ನೀನು ಕೂಗಿದೆ:

"ವಾಸೂ, ನಿಲ್ಲಿಸ್ಬೇಡ ಮಾರಾಯಾ!"

ನಾನು ನಿಲ್ಲಿಸಲಿಲ್ಲ. ನಿನ್ನ ದನಿ ಕೇಳಿ ಜಟ್ಟಿಂಗಪ್ಪ ತನಗೇ ಹೇಳಿದ್ದೆಂದು ತಿಳಿದು ಎರಡರಷ್ಟು ಜೋರು ಮಾಡಿದ. ಆಮೇಲೆ ಬಂದದ್ದೇ ಇಡೀ ಟೇಪಿನಲ್ಲಿ ಎಲ್ಲಕ್ಕಿಂತ ಚೆನ್ನಾಗಿರುವುದು. ಪುಟ್ಟಪ್ಪ ಈಜಿ ಬಂದು ಹಗ್ಗ ಹಿಡಿಯುವವರೆಗೂ ನಾವು ನೀರ ಮೇಲೆ ಕುಣಿಯುತ್ತ ತೇಲಿದೆವು. ಮುಗಿದ ಮೇಲೆ ನೋಡಿದರೆ ನೀನು ಟವೆಲ್ಲನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದೆ, ಕದ್ದು ತಿಂದು ಸಿಕ್ಕಿಬಿದ್ದವನ ಹಾಗೆ.

ನೀನು ಮಾತಾಡಿದೆ ಹೂವಾ. ಎಂಟು ವರ್ಷದ ಮೇಲೆ.

ನಿನ್ನ,
ವಾಸು


ತೀರ್ಥಹಳ್ಳಿ
೪ ಅಕ್ಟೋಬರ್ ೧೯೮೭

ವಾಸಪ್ಪನವರೇ,

ನಾನು ಮಾತಾಡಲಿಲ್ಲ. ಕೂಗಿದೆ. ಹಾವು ಕಂಡರೆ ಕೂಗುತ್ತೇವೆ, ಎತ್ತು ತೋಟಕ್ಕೆ ನುಗ್ಗಿದರೆ ಕೂಗುತ್ತೇವೆ. ಅದನ್ನು ಯಾರೂ ಮಾತುಕತೆ ಎನ್ನುವುದಿಲ್ಲ. ದುಗ್ಗಮ್ಮ ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡಳು. ಅವಳ ಅಭಿಪ್ರಾಯವನ್ನು ನಾನು ಕೇಳಿರಲಿಲ್ಲ.

ಟೇಪು ಚೆನ್ನಾಗಿ ಬಂದಿದೆ ಎಂದಿರಿ, ಸಂತೋಷ. ಆದರೆ ಆ ಕೂಗನ್ನು ತೆಗೆದುಹಾಕಿ. ಅದಿದ್ದರೆ ಊರಿನವರೆಲ್ಲ ಕೇಳಿ ಆಡಿಕೊಳ್ಳುತ್ತಾರೆ. ಆಗ ಬಸ್‌ಸ್ಟ್ಯಾಂಡಿನಲ್ಲಿ ಇದ್ದವರು ಇನ್ನೂ ಬದುಕಿದ್ದಾರೆ. "ಏನ್ ಹೂವಯ್ಯ, ಈಗ ಯಾರ ಮಗ ನೀನು?" ಎಂದು ಒಬ್ಬ ಕೇಳಿದರೂ ನಾನು ಎಲ್ಲಿ ಮುಖ ಮುಚ್ಚಿಕೊಳ್ಳಲಿ? ತೆಗೆಯದಿದ್ದರೆ ನನ್ನ ಅಂಗಡಿಯಲ್ಲಿ ಈ ಕ್ಯಾಸೆಟ್ ಇಡುವುದಿಲ್ಲ. ಇದು ಖಂಡಿತ.

ಮುಕುಂದಯ್ಯನವರ ಕುರ್ಚಿಯಲ್ಲಿ ನೀವು ಕೂರಬಾರದೆಂದು ನನಗೂ ಇದೆ. ಅದು ಬೇರೆ ವಿಷಯ.

ಹೂವಯ್ಯ


ಸಾಗರ
೧೬ ಅಕ್ಟೋಬರ್ ೧೯೮೭

ಹೂವಾ,

ನಿನ್ನ ಮಾತಿಗೆ ಬೆಲೆ ಕೊಟ್ಟು ಒಂದು ಪ್ರತಿಯಲ್ಲಿ ತೆಗೆದು ನೋಡಿದೆ. ಒಂದು ಡೆಕ್ಕಿನಿಂದ ಇನ್ನೊಂದಕ್ಕೆ ಇಳಿಸುವಾಗ ಆ ಜಾಗ ಬಿಟ್ಟು ಮುಂದಕ್ಕೆ ಸೇರಿಸಿದೆ. ತಾಳ ಕುಂಟಿತು. ಲೇಬಲ್ ಅಂಟಿಸುತ್ತಿದ್ದ ವರದಮ್ಮ ಅಷ್ಟು ಹೊತ್ತು ಕಾಲಾಡಿಸುತ್ತಿದ್ದವಳು ಅಲ್ಲಿಗೆ ಬಂದಾಗ ನಿಲ್ಲಿಸಿ, "ಎಂಥ ಬಿದ್ದೋಯ್ತು?" ಎಂದಳು. ಕೂಗಿನ ಸಮೇತ ಹಾಕಿದೆ. ಕೆಲಸ ಬಿಟ್ಟು ಎದ್ದೇಬಿಟ್ಟಳು. ಮದುವೆಯಾದಾಗಿನಿಂದ ಅವಳು ಕುಣಿದದ್ದನ್ನು ನಾನು ನೋಡಿರಲಿಲ್ಲ.

ಆದ್ದರಿಂದ ತೆಗೆದಿಲ್ಲ. ನನಗೆ ಬೇರೆ ದಾರಿಯಿಲ್ಲ. ನೀನು ಅಂಗಡಿಯಲ್ಲಿ ಇಡದಿದ್ದರೂ ಒಂದು ಕಟ್ಟು ಕಳಿಸುತ್ತಿದ್ದೇನೆ. ಗಂಧದ ಕೆತ್ತನೆ ಮಾಡುವ ಇಲ್ಲಿಯ ಗುಡಿಗಾರರ ಕನ್ನಪ್ಪ ಕ್ಯಾಸೆಟ್ಟಿನ ಕವರಿಗೆ ಲಾಂಚಿನ ಚಿತ್ರ ಬರೆದುಕೊಟ್ಟಿದ್ದಾನೆ. ಆಡನ್ನೂ ಬರೆದಿದ್ದಾನೆ, ನಾನು ಹೇಳಿರಲಿಲ್ಲ, ಜಟ್ಟಿಂಗಪ್ಪ ಹೇಳಿದ್ದು. ಹೊಸನಗರಕ್ಕೂ ಕಳಿಸಿದ್ದೇನೆ. ದೀಪಾವಳಿಗೆ ಏನಾಗುತ್ತದೋ ನೋಡಬೇಕು.

ನಿನಗೆ ಬೇಜಾರಾಗುತ್ತದೆಂದು ಗೊತ್ತು. ನಿನ್ನನ್ನು ನೋಯಿಸಬೇಕೆಂದು ಮಾಡಿದ್ದಲ್ಲ.

ನಿನ್ನ,
ವಾಸು


ತೀರ್ಥಹಳ್ಳಿ
೯ ನವೆಂಬರ್ ೧೯೮೭

ವಾಸೂ,

ಕಟ್ಟನ್ನು ಬಿಚ್ಚದೆ ಮೂಲೆಗೆ ತಳ್ಳಿದ್ದೆ. ದೀಪಾವಳಿಯ ಮಾರನೆಯ ದಿನ ದುಗ್ಗಮ್ಮ, "ದನ ಪೂಜೆ ಆಯ್ತು, ಜನರ ಪೂಜೆ ಯಾವಾಗ?" ಎಂದು ತಾನೇ ಬಿಚ್ಚಿ ಒಂದನ್ನು ಅಂಗಡಿಯ ಡೆಕ್ಕಿಗೆ ಹಾಕಿದಳು. ನಾನು ಹಿಂದಿನ ಕೋಣೆಯಲ್ಲಿ ಒಂದು ರೇಡಿಯೋದ ಹೊಟ್ಟೆ ಬಿಚ್ಚಿಕೊಂಡು, ಕೇಳದವನ ಹಾಗೆ ಕೂತಿದ್ದೆ. ಸ್ವಲ್ಪ ಹೊತ್ತಿಗೆ ಹೊರಗೆ ಬೇರೇನೋ ಸದ್ದು ಕೇಳಿಸಿತು. ಎದ್ದು ಬಂದು ನೋಡಿದರೆ ಮಾರಪ್ಪ ಕೈಯಲ್ಲಿ ಸೈಕಲ್ ಚಕ್ರ ಹಿಡಿದುಕೊಂಡೇ ಕುಣಿಯುತ್ತಿದ್ದಾನೆ. ಅವನ ಹಿಂದೆ ಪೇಟೆಗೆ ಬಂದವರು, ಹೊಸ ಬಟ್ಟೆ ಹಾಕಿಕೊಂಡವರು, ಸ್ಕೂಲ್ ಮಾಸ್ತರರು ಕೂಡ. ರಸ್ತೆಯಲ್ಲಿ ಬಸ್ಸು ನಿಂತಿದೆ, ಡ್ರೈವರ್ ಹಾರನ್ ಒತ್ತುತ್ತಿಲ್ಲ, ಸ್ಟೇರಿಂಗಿನ ಮೇಲೆ ತಾಳ ಹಾಕುತ್ತಿದ್ದಾನೆ.

ಆಮೇಲೆ ಆ ಜಾಗ ಬಂತು. ನಾನು ಬಾಗಿಲ ಹಿಂದೆ ಸರಿದೆ. ನನ್ನ ಕೂಗು ಮುಗಿಯುವಷ್ಟರಲ್ಲಿ ಎಲ್ಲರೂ ಹೋ ಎಂದು ಎರಡರಷ್ಟು ಜೋರು ಕುಣಿದರು. ಯಾರೂ ನನ್ನ ಕಡೆ ತಿರುಗಲಿಲ್ಲ. ಯಾರ ಮಗನೆಂದು ಯಾರೂ ಕೇಳಲಿಲ್ಲ. ಅವರಿಗೆ ಅದು ಕುಣಿತದ್ದೇ ಒಂದು ಪೆಟ್ಟು. ಮಾರಪ್ಪನಂತೂ ಪುನಃ ಹಾಕು ಪುನಃ ಹಾಕು ಎಂದು ಸಂಜೆಯವರೆಗೂ ಅಂಗಡಿ ಬಿಟ್ಟು ಹೋಗಲಿಲ್ಲ. ನೀನು ಕಳಿಸಿದ ಕಟ್ಟು ಅಂದೇ ಖಾಲಿ. ಮತ್ತೆ ಕೊಡಿ ಎಂದು ಕವಲೇದುರ್ಗದ ಕಡೆಯವರೂ ಬಂದು ಕೇಳಿ ಹೋಗಿದ್ದಾರೆ. ಎಷ್ಟು ಮಾಡಲು ಆಗುತ್ತದೋ ಅಷ್ಟೂ ಕಳಿಸು.

ಮೊನ್ನೆ ಕೆಲಸದ ಮೇಲೆ ಹೊಸನಗರಕ್ಕೆ ಹೋದೆ. ಬಸ್‌ಸ್ಟ್ಯಾಂಡಿನಲ್ಲಿ, ಅದೇ ಬಸ್‌ಸ್ಟ್ಯಾಂಡಿನಲ್ಲಿ, ಒಂದು ನಿಶ್ಚಿತಾರ್ಥದ ಗುಂಪು ವ್ಯಾನ್ ನಿಲ್ಲಿಸಿಕೊಂಡು ಟೇಪ್ ಹಾಕಿತ್ತು. ಹುಡುಗನ ಕಡೆಯವರು, ಹುಡುಗಿಯ ಕಡೆಯವರು, ಹಲ್ಲಿಲ್ಲದ ಅಜ್ಜಿಯೊಬ್ಬರು. ಅವರಿಗೆಲ್ಲ ಆ ಜಾಗ ಬಾಯಿಪಾಠ. ಬರುವ ಮೊದಲೇ ಕಾದಿದ್ದು, ಎಲ್ಲರೂ ಒಟ್ಟಿಗೇ ಕೈ ಮೇಲೆತ್ತಿ ಕೂಗಿದರು: "ವಾಸೂ, ನಿಲ್ಲಿಸ್ಬೇಡ ಮಾರಾಯಾ!" ಮುಕುಂದಯ್ಯನವರು ಅಂಗಡಿಯ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ನನ್ನನ್ನು ಕಂಡು, "ಆ ಕುರ್ಚೀನ ಗಿರಾಕಿಗಳಿಗೆ ಹಾಕಿದೀನಿ ಹೂವಯ್ಯ" ಎಂದರು. ಅವರ ಕಾಲೂ ಸುಮ್ಮನಿರಲಿಲ್ಲ.

ನಾನು ಬಸ್ಸಿನಲ್ಲಿ ಕೂತು ಬರುವಾಗ ಯೋಚಿಸಿದೆ. ಮೂರು ತಾಲೂಕಿನ ಜನ, ನಿನ್ನ ಮುಖ ಕಾಣದವರು, ನೀನು ಕರಿಯನೋ ಬಿಳಿಯನೋ ಗೊತ್ತಿಲ್ಲದವರು, ನಿನ್ನ ಹೆಸರು ಹಿಡಿದು ಬಾಯ್ತುಂಬ ಕರೆಯುತ್ತಿದ್ದಾರೆ. ನಾನೊಬ್ಬನೇ ಬಾಯಿ ಮುಚ್ಚಿಕೊಂಡು ಕೂತಿದ್ದೇನೆ. ಇದೆಂಥ ನ್ಯಾಯ? ನನ್ನಪ್ಪ ಇದ್ದಿದ್ದರೆ, ನೀನು ನನ್ನ ಮಗ ಹೌದೋ ಅಲ್ಲವೋ ಎಂಬುದು ಆಮೇಲಿರಲಿ, ಮೊದಲು ಅವನನ್ನು ಮನೆಗೆ ಕರಿ ಎನ್ನುತ್ತಿದ್ದ.

ಬಾ.

ನಿನ್ನ,
ಹೂವ


ತೀರ್ಥಹಳ್ಳಿ
೨೪ ನವೆಂಬರ್ ೧೯೮೭

ವರದಕ್ಕನಿಗೆ ದುಗ್ಗಮ್ಮನ ನಮಸ್ಕಾರಗಳು.

ನಾವಿಬ್ಬರೂ ಈವರೆಗೆ ಮುಖ ನೋಡಿದವರಲ್ಲ. ಗಂಡಂದಿರ ಕಾಗದಗಳನ್ನು ಹಿಂದಿನಿಂದ ನಿಂತು ಓದಿ ಓದಿ ನಿಮ್ಮ ಪರಿಚಯ ನನಗೆ ಚೆನ್ನಾಗಿ ಆಗಿದೆ. ನಿಮಗೂ ಹಾಗೇ ಇರಬೇಕು. ಅದಕ್ಕೇ ಧೈರ್ಯ ಮಾಡಿ ಬರೆಯುತ್ತಿದ್ದೇನೆ.

ನಿಮ್ಮವರು ಸುಖವಾಗಿ ಇಲ್ಲಿದ್ದಾರೆ. ಎರಡು ದಿನಕ್ಕೆಂದು ಬಂದವರು ಎಂದು ಹೊರಡುತ್ತಾರೋ ಆ ದೇವರೇ ಬಲ್ಲ. ಬೆಳಗಾದರೆ ಅಂಗಡಿ, ಅಂಗಡಿ ಮುಚ್ಚಿದರೆ ಹೊಳೆಯ ದಂಡೆ. ಮುಂದಿನ ಬಿಡುಗಡೆ ಬೆಳ್ಳಮ್ಮ ಮತ್ತು ಅವಳ ಜೊತೆಯವರ ಕೋಲಾಟದ್ದಂತೆ. ಅದನ್ನು ಎಲ್ಲಿ ರೆಕಾರ್ಡ್ ಮಾಡಬೇಕು ಎಂಬುದಕ್ಕೆ ನಿನ್ನೆಯಿಂದ ಜಗಳ. ನಿಮ್ಮವರು ಸೇತುವೆಯ ಕೆಳಗೆ ಎನ್ನುತ್ತಾರೆ, ನಮ್ಮವರು ಅಕ್ಕಿ ಮಿಲ್ಲಿನ ಅಟ್ಟದ ಮೇಲೆ ಎನ್ನುತ್ತಾರೆ. ನಡುವೆ ನನ್ನನ್ನು ಕೇಳುತ್ತಾರೆ, ನಾನು ಹೇಳಿದ್ದನ್ನು ಇಬ್ಬರೂ ಕೇಳುವುದಿಲ್ಲ. ನೋಡಲು ಬಹಳ ಚೆನ್ನಾಗಿದೆ ಅಕ್ಕ. ನಮ್ಮವರು ಇಷ್ಟು ಜೋರಾಗಿ ಮಾತಾಡಬಲ್ಲರೆಂದು ನನಗೇ ಗೊತ್ತಿರಲಿಲ್ಲ.

ನಿಮಗೆ ಹೇಳಲೇಬೇಕಾದದ್ದು ಒಂದಿದೆ. ಅವರು ಬಂದ ದಿನದ್ದು, ಅವರಿಬ್ಬರೂ ನಿಮಗೆ ಹೇಳುವುದಿಲ್ಲ. ನಾನೂ ಬಸ್ಸಿನ ಹತ್ತಿರ ಹೋಗಿದ್ದೆ. ನಮ್ಮವರು ಬೆಳಗಿನಿಂದ ಕನ್ನಡಿ ಮುಂದೆ ನಿಂತು, ಮೊದಲು ಏನು ಮಾತಾಡಬೇಕು ಎಂದು ತಮ್ಮಷ್ಟಕ್ಕೇ ಹೇಳಿಕೊಳ್ಳುತ್ತಿದ್ದರು. ಒಳ್ಳೆಯ ಮಾತುಗಳೇ, ನಾನು ಬಚ್ಚಲಿನಿಂದ ಕೇಳಿಸಿಕೊಂಡೆ. ಬಸ್ಸು ಬಂತು. ನಿಮ್ಮವರು ಕ್ಯಾಸೆಟ್ಟಿನ ಡಬ್ಬ ತಬ್ಬಿಕೊಂಡು ಇಳಿದು ಎದುರಿಗೆ ನಿಂತರು. ಇಬ್ಬರೂ ಹೆಣ್ಣು ನೋಡಲು ಬಂದವರ ಹಾಗೆ ನೆಲ ನೋಡುತ್ತ ನಿಂತರು. ಬಸ್ಸು ಹೋಯಿತು, ಧೂಳು ಇಳಿಯಿತು, ಒಬ್ಬರೂ ಬಾಯಿ ಬಿಡಲಿಲ್ಲ. ಕೊನೆಗೆ ನಮ್ಮವರು ಗಂಟಲು ಸರಿಮಾಡಿಕೊಂಡು, "ಊಟ ಆಯ್ತನಾ?" ಎಂದರು.

"ಇಲ್ಲ ಕಣಾ" ಎಂದರು ನಿಮ್ಮವರು.

ಅಷ್ಟೇ ಅಕ್ಕ. ಎಂಟು ವರ್ಷದ ಮೇಲೆ ಆಡಿದ್ದು ಅಷ್ಟೇ. ಅಷ್ಟಕ್ಕೇ ಇಬ್ಬರೂ ಅತ್ತರು, ಪೇಟೆಯ ನಡುವೆ, ಗಂಡಸರು. ನಾನು ಮೊದಲೇ ಮನೆಗೆ ಓಡಿ ಬಂದು ಇನ್ನೊಂದು ಪಾವು ಅಕ್ಕಿ ತೊಳೆದು ಇಟ್ಟೆ.

ನಿಮ್ಮ,
ದುಗ್ಗಮ್ಮ